ತಿಳಿಯದೆ ಮಾರಿದವನು ತಪ್ಪಿತಸ್ಥನೇ?

ಒಬ್ಬನು ತನಗೆ ತಿಳಿಯದೆ ಮಾಡಿದ ಕೆಡುಕಿಗೆ ಶಿಕ್ಷೆ ಅನುಭವಿಸಬೇಕೇ? ಈ ಪ್ರಶ್ನೆ ಇಂದು ನಿನ್ನೆಯದಲ್ಲ. ಕೆಂಡವನ್ನು ತಿಳಿದು ತುಳಿದರೂ ತಿಳಿಯದೆ ತುಳಿದರೂ ಕಾಲು ಸುಡುವುದು ತಪ್ಪದು ಎನ್ನುವ ಹಿರಿಯರೂ ನಮ್ಮಲ್ಲಿದ್ದಾರೆ. ಅರಿಯದೆ ಆದ ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳಬೇಕು ಎನ್ನುವ ಹಿರಿಯರೂ ಇದ್ದಾರೆ. ಮನೆಯ ಮಟ್ಟಿಗೆ ಈ ಎರಡು ಮಾತನ್ನೂ ನಾವು ಸಂದರ್ಭ ನೋಡಿ ಬಳಸುತ್ತೇವೆ, ಸಂಸಾರ ನಡೆದುಹೋಗುತ್ತದೆ. ಆದರೆ ಕಾಯಿದೆಗೆ ಇಂಥ ಸಲಿಗೆ ಇಲ್ಲ. ಯಾರನ್ನು ಸೆರೆಮನೆಗೆ ಕಳಿಸಬೇಕು, ಯಾರನ್ನು ಬಿಡಬೇಕು ಎಂಬುದನ್ನು ಅದು ಮೊದಲೇ ಬರೆದಿಡಬೇಕಾಗುತ್ತದೆ.

ನಾವಿರುವ ಮಹಾರಾಷ್ಟ್ರದಲ್ಲಿ 2023ರಲ್ಲಿ ಈ ಹಳೆಯ ಪ್ರಶ್ನೆ ಹೊಸ ವೇಷ ತೊಟ್ಟು ಬಂದಿತು. ಆ ವರ್ಷದ ಮಳೆಗಾಲದ ಅಧಿವೇಶನದಲ್ಲಿ ರಾಜ್ಯ ಸರಕಾರವು ಕಳಪೆ ಬೀಜ, ಗೊಬ್ಬರ, ಕೀಟನಾಶಕಗಳ ಮಾರಾಟದ ಬಗ್ಗೆ ಐದು ಮಸೂದೆಗಳನ್ನು ವಿಧಾನಮಂಡಲದ ಮುಂದಿಟ್ಟಿತು. ಅವುಗಳಲ್ಲೊಂದು, ಇಂಥ ಮಾಲು ಮಾರುವವರನ್ನು 1981ರ ಅಪಾಯಕಾರಿ ಚಟುವಟಿಕೆಗಳ ತಡೆ ಕಾಯಿದೆಯೊಳಗೆ ತರಬೇಕೆಂದು ಸೂಚಿಸಿತು. ಕಳ್ಳಭಟ್ಟಿಯವರು, ಮಾದಕ ವಸ್ತು ಮಾರುವವರು, ಮರಳುಗಳ್ಳರು ಮುಂತಾದವರನ್ನು ಅಪರಾಧ ಸಾಬೀತಾಗುವ ಮೊದಲೇ ಬಂಧನದಲ್ಲಿಡಲು ಇರುವ ಕಾಯಿದೆ ಅದು. ಗೊಬ್ಬರದ ವ್ಯಾಪಾರಿಗಳು ಸಿಟ್ಟಾಗಿ ನವೆಂಬರಿನಲ್ಲಿ ಮೂರು ದಿನ ರಾಜ್ಯದಾದ್ಯಂತ ಅಂಗಡಿ ಮುಚ್ಚಿದರು. ಕಂಪನಿ ಹೊಲಿದು ಮೊಹರು ಹಾಕಿ ಕಳಿಸಿದ ಚೀಲವನ್ನು ನಾವು ಹಾಗೆಯೇ ಮಾರುತ್ತೇವೆ, ಒಳಗಿರುವುದಕ್ಕೆ ನಾವು ಹೇಗೆ ಹೊಣೆ ಎಂಬುದು ಅವರ ವಾದ. ಮಸೂದೆಗಳನ್ನು ಜಂಟಿ ಸಮಿತಿಗೆ ಒಪ್ಪಿಸಲಾಯಿತು.

ಮುಂಬಯಿಯ ಲೋಕಲ್ ಗಾಡಿಯಲ್ಲಿ ಓಡಾಡುವ ನಮಗೆ ಗೊಬ್ಬರದ ಗೊಡವೆ ಏಕೆಂದು ವಾಚಕರು ಕೇಳಬಹುದು. ಗೊಡವೆ ಇದೆ, ಅದೂ ಎರಡು ಕಡೆಯಿಂದ. ನಮ್ಮಲ್ಲಿ ಅನೇಕರಿಗೆ ಊರಿನಲ್ಲಿ ಗದ್ದೆಯೋ ತೋಟವೋ ಇದೆ. ಹಿಂದೆ ಮನಿಯಾರ್ಡರಿನಲ್ಲಿ ಹೋಗುತ್ತಿದ್ದ ದುಡ್ಡು ಈಗ ಮೊಬೈಲಿನಲ್ಲಿ ಹೋಗುತ್ತದೆ. ಅದರಲ್ಲೊಂದು ಭಾಗ ಅಣ್ಣನೋ ಚಿಕ್ಕಪ್ಪನೋ ಸೊಸೈಟಿಯಿಂದ ತರುವ ಗೊಬ್ಬರದ ಚೀಲಕ್ಕೆ ಸೇರುತ್ತದೆ. ಇನ್ನೊಂದು ಕಡೆ, ನಮ್ಮವರಲ್ಲಿ ಬಹಳ ಮಂದಿ ಮಾರುವವರು. ಹೋಟೇಲು ನಡೆಸುವವನು ತುಪ್ಪದ ಡಬ್ಬಿಯನ್ನೂ ಮೆಣಸಿನ ಪುಡಿಯ ಪೊಟ್ಟಣವನ್ನೂ ಮೊಹರು ನೋಡಿಯೇ ಕೊಳ್ಳುತ್ತಾನೆ. ಅದರೊಳಗೆ ಕಲಬೆರಕೆ ಇದ್ದರೆ ಇನ್‌ಸ್ಪೆಕ್ಟರರು ಮೊದಲು ಹಿಡಿಯುವುದು ಅವನನ್ನೇ. ಮೋಸಹೋಗುವವರ ಸಾಲಿನಲ್ಲಿಯೂ ಹೊಣೆ ಹೊರುವವರ ಸಾಲಿನಲ್ಲಿಯೂ ನಾವಿರುವುದರಿಂದ ಈ ವಿಷಯವನ್ನು ಏಕಪಕ್ಷೀಯವಾಗಿ ನೋಡುವುದು ನಮಗೆ ಸಾಧ್ಯವಿಲ್ಲ.

ಮೊದಲು ಚೀಲದೊಳಗೆ ಏನಿರಬೇಕು ಎಂಬುದನ್ನು ನೋಡೋಣ. ಯೂರಿಯಾದಲ್ಲಿ ನೂರಕ್ಕೆ 46 ಭಾಗ ಸಾರಜನಕವಿರಬೇಕು. 2018ರಲ್ಲಿ 50 ಕಿಲೋ ಚೀಲದ ಬದಲು 45 ಕಿಲೋ ಚೀಲ ಬಂದಿತು. ಅದರಲ್ಲಿ ಸಾರಜನಕ 20.7 ಕಿಲೋ. ಸಿಂಗಲ್ ಸೂಪರ್ ಫಾಸ್ಫೇಟಿನಲ್ಲಿ ಫಾಸ್ಫೇಟ್ ಶೇಕಡಾ 16, ಅಂದರೆ 50 ಕಿಲೋ ಚೀಲಕ್ಕೆ 8 ಕಿಲೋ. ಡಿಎಪಿಯಲ್ಲಿ ಸಾರಜನಕ 18, ಫಾಸ್ಫೇಟ್ 46. ಕೆಂಪು ಪೊಟಾಷಿನಲ್ಲಿ ಪೊಟಾಷ್ 60. ರೈತನು ಕೊಳ್ಳುವುದು ಹೆಸರಿಗೆ ಚೀಲ, ನಿಜಕ್ಕೆ ಈ ಅಂಕಿ. ಸೂಪರ್ ಫಾಸ್ಫೇಟು ಶೇಕಡಾ 16ರ ಬದಲು 12 ಇದ್ದರೆ, ನಾಲ್ಕು ಚೀಲಕ್ಕೆ ಹಣ ಕೊಟ್ಟವನು ಮೂರೇ ಚೀಲದ ಸತ್ವ ತಂದಂತಾಯಿತು. ಉಪ್ಪಿಗೆ ಕೆಂಪು ಬಣ್ಣ ಹಾಕಿ ಪೊಟಾಷ್ ಎಂದು ಮಾರುವ ಕಳ್ಳತನವೂ ಉಂಟು. ಅಲ್ಲಿ ನಷ್ಟ ಬರಿಯ ಹಣದ್ದಲ್ಲ, ಭೂಮಿಗೇ ಕೇಡು.

ಅಕ್ಕಿಯಲ್ಲಿ ಕಲ್ಲಿದ್ದರೆ ಹಲ್ಲಿಗೆ ಸಿಗುತ್ತದೆ. ಹಾಲಿಗೆ ನೀರು ಬೆರೆಸಿದರೆ ಮನೆಯಾಕೆಗೆ ಕಾಯಿಸುವಾಗಲೇ ಅನುಮಾನ ಬರುತ್ತದೆ. ಗೊಬ್ಬರದ ಮೋಸ ಹಾಗಲ್ಲ. ಅದನ್ನು ಎರಚಿದ ಮೇಲೆ ಸಾಕ್ಷ್ಯವೆಲ್ಲ ಮಣ್ಣಿನಲ್ಲಿ ಕರಗಿಹೋಗುತ್ತದೆ. ಮೂರು ತಿಂಗಳಾದ ಮೇಲೆ ತೆನೆ ಜೊಳ್ಳಾದರೆ ರೈತನು ಮಳೆಯನ್ನು ಬಯ್ಯುತ್ತಾನೆ, ಹುಳುವನ್ನು ಬಯ್ಯುತ್ತಾನೆ, ಕೊನೆಗೆ ತನ್ನ ಹಣೆಬರಹವನ್ನು ಬಯ್ಯುತ್ತಾನೆ. ಚೀಲದ ನೆನಪು ಅವನಿಗೆ ಬರುವುದಿಲ್ಲ. ಡಿಎಪಿಯ ಕಾಳನ್ನು ಅಂಗೈಯಲ್ಲಿ ಸುಣ್ಣದೊಂದಿಗೆ ತಿಕ್ಕಿದರೆ ಅಮೋನಿಯದ ಘಾಟು ಬರುತ್ತದೆ, ಯೂರಿಯಾ ಕರಗಿದ ನೀರು ಕೈಗೆ ತಣ್ಣಗೆನಿಸುತ್ತದೆ ಎಂಬ ಸುಲಭ ಪರೀಕ್ಷೆಗಳಿವೆ. ಪೂರ್ತಿ ನಕಲಿಯನ್ನು ಹಿಡಿಯಲು ಅವು ಸಾಕು. ಆದರೆ 46 ಇದೆಯೋ 40 ಇದೆಯೋ ಎಂದು ಹೇಳಲು ಅಂಗೈ ಸಾಲದು, ಪ್ರಯೋಗಶಾಲೆಯೇ ಬೇಕು. ಆ ಮಟ್ಟಿಗೆ ಅಂಗಡಿಯವನ ಅಂಗೈಯೂ ರೈತನ ಅಂಗೈಯೂ ಒಂದೇ.

ಇನ್ನು ಕಾಯಿದೆ. ಗೊಬ್ಬರವು 1955ರ ಅಗತ್ಯ ವಸ್ತುಗಳ ಕಾಯಿದೆಗೆ ಒಳಪಟ್ಟ ಸರಕು. ಆ ಕಾಯಿದೆಯಡಿ 1957ರಲ್ಲಿ ಒಂದು ರಸಗೊಬ್ಬರ ನಿಯಂತ್ರಣ ಆದೇಶ ಬಂದಿತು. ಅದರ ಜಾಗದಲ್ಲಿ 1985ರ ಆದೇಶ ಬಂದಿತು. ನಿಗದಿಯಾದ ಮಟ್ಟಕ್ಕಿಂತ ಕಡಿಮೆಯ ಗೊಬ್ಬರವನ್ನು ತಯಾರಿಸುವುದನ್ನೂ ಮಾರುವುದನ್ನೂ ಮಾರಾಟಕ್ಕೆ ಇಡುವುದನ್ನೂ ಅದರ 19ನೆಯ ಖಂಡ ಒಟ್ಟಿಗೇ ನಿಷೇಧಿಸುತ್ತದೆ. ಮೀರಿದವರಿಗೆ ಮೂಲ ಕಾಯಿದೆಯ 7ನೆಯ ಕಲಮಿನಂತೆ ಏಳು ವರ್ಷದವರೆಗೆ ಸೆರೆವಾಸ ಮತ್ತು ದಂಡ ವಿಧಿಸಬಹುದು. ತಯಾರಿಸಿದವನು, ಮಾರಿದವನು ಎಂಬ ಭೇದ ಆ ನಿಷೇಧದ ವಾಕ್ಯದಲ್ಲಿಲ್ಲ. ತಿಳಿದು ಮಾರಿದವನು, ತಿಳಿಯದೆ ಮಾರಿದವನು ಎಂಬ ಭೇದವೂ ಇಲ್ಲ. ಹಾಗಾದರೆ ಮನಸ್ಸಿನ ಲೆಕ್ಕವನ್ನು ನ್ಯಾಯಾಲಯ ಕೇಳುವುದೇ ಇಲ್ಲವೆ?

ಇದಕ್ಕೆ ದಾರಿ ತೋರಿದ ಒಂದು ಮೊಕದ್ದಮೆ ನಮ್ಮ ಮುಂಬಯಿಯಲ್ಲೇ ಹುಟ್ಟಿತು. ಗೊಬ್ಬರದ್ದಲ್ಲ, ಬಂಗಾರದ್ದು. 1962ರ ನವೆಂಬರ್ 28ರಂದು ಜ್ಯೂರಿಕ್‌ನಿಂದ ಮನಿಲಾಕ್ಕೆ ಹೋಗುತ್ತಿದ್ದ ವಿಮಾನ ಸಾಂತಾಕ್ರೂಜ್‌ನಲ್ಲಿ ಇಳಿಯಿತು. ಅದರಲ್ಲಿದ್ದ ಮೇಯರ್ ಹಾನ್ಸ್ ಜಾರ್ಜ್ ಎಂಬ ಜರ್ಮನ್ ಪ್ರಜೆಯ ಅಂಗಿಯ ಜೇಬುಗಳಲ್ಲಿ 34 ಕಿಲೋ ಬಂಗಾರ ಸಿಕ್ಕಿತು. ಭಾರತದ ಮೂಲಕ ಹಾದುಹೋಗುವ ಬಂಗಾರವನ್ನೂ ವಿಮಾನದ ಸರಕುಪಟ್ಟಿಯಲ್ಲಿ ತೋರಿಸಬೇಕೆಂಬ ಹೊಸ ಪ್ರಕಟಣೆ ಗೆಜೆಟಿನಲ್ಲಿ ಅಚ್ಚಾಗಿ ನಾಲ್ಕೇ ದಿನವಾಗಿತ್ತು. ತನಗೆ ತಿಳಿದಿರಲಿಲ್ಲವೆಂದು ಅವನೆಂದ. ಮುಂಬಯಿ ಹೈಕೋರ್ಟು ಬಿಟ್ಟಿತು. ಸರ್ವೋಚ್ಚ ನ್ಯಾಯಾಲಯ 1964ರಲ್ಲಿ ಬಹುಮತದಿಂದ ಅವನನ್ನು ತಪ್ಪಿತಸ್ಥನೆಂದಿತು, ಆದರೆ ಶಿಕ್ಷೆಯನ್ನು ಅವನು ಅದಾಗಲೇ ಅನುಭವಿಸಿದಷ್ಟಕ್ಕೆ ಇಳಿಸಿತು. ತಪ್ಪಿನ ಅರಿವಿಲ್ಲದವನನ್ನು ಅಪರಾಧಿ ಎನ್ನಲಾಗದೆಂದು ಭಿನ್ನಮತ ಬರೆದವರು ನ್ಯಾಯಮೂರ್ತಿ ಕೆ. ಸುಬ್ಬರಾವ್.

ಮರುವರ್ಷವೇ ತಕ್ಕಡಿ ಇನ್ನೊಂದು ಕಡೆಗೆ ವಾಲಿತು. ಮಧ್ಯಪ್ರದೇಶದ ನಾಥೂಲಾಲ್ ಎಂಬ ಧಾನ್ಯದ ವ್ಯಾಪಾರಿ ಪರವಾನಗಿಗೆ ಅರ್ಜಿ ಹಾಕಿ, ಶುಲ್ಕ ಕಟ್ಟಿ, ಸಿಕ್ಕೇ ಸಿಗುವುದೆಂಬ ನಂಬಿಕೆಯಿಂದ ಗೋದಿ ಶೇಖರಿಸಿದ್ದ. ಅವನ ಮೇಲಿನ ಮೊಕದ್ದಮೆಯಲ್ಲಿ ಅದೇ ಅಗತ್ಯ ವಸ್ತುಗಳ ಕಾಯಿದೆಯ 7ನೆಯ ಕಲಮನ್ನು ವಿವರಿಸುತ್ತಾ, ದುರುದ್ದೇಶವಿಲ್ಲದೆ ಅಪರಾಧವಿಲ್ಲವೆಂದು 1965ರಲ್ಲಿ ಸುಬ್ಬರಾಯರೇ ತೀರ್ಪು ಕೊಟ್ಟರು. ಸರಕಾರಕ್ಕೆ ಇದು ರುಚಿಸಲಿಲ್ಲ. 1967ರಲ್ಲಿ ಕಲಮಿಗೆ ತಿದ್ದುಪಡಿ ತಂದು, ತಿಳಿದಾಗಲಿ, ಉದ್ದೇಶಪೂರ್ವಕವಾಗಲಿ, ಇನ್ನು ಹೇಗೇ ಆಗಲಿ ಮೀರಿದರೆ ಶಿಕ್ಷೆ ಎಂಬ ಅರ್ಥದ ಮಾತನ್ನು ಸೇರಿಸಿತು. 1974ರಲ್ಲಿ ಆ ಮಾತನ್ನು ತೆಗೆದು 10-ಸಿ ಎಂಬ ಹೊಸ ಕಲಮನ್ನು ಇಟ್ಟಿತು. ಅದರ ಪ್ರಕಾರ ಆರೋಪಿಯ ಮನಸ್ಸಿನಲ್ಲಿ ದೋಷವಿತ್ತೆಂದೇ ನ್ಯಾಯಾಲಯ ಮೊದಲು ಭಾವಿಸುತ್ತದೆ. ಇರಲಿಲ್ಲವೆಂದು ತೋರಿಸಲು ಆರೋಪಿಗೆ ಅವಕಾಶವಿದೆ, ಆದರೆ ಸಂಶಯಕ್ಕೆ ಎಡೆಯಿಲ್ಲದಂತೆ ತೋರಿಸಬೇಕು. ಸಾಮಾನ್ಯವಾಗಿ ಪೋಲೀಸರು ಹೊರುವ ಭಾರವನ್ನು ಇಲ್ಲಿ ಆರೋಪಿಯೇ ಹೊರುತ್ತಾನೆ.

ಈ ಭಾರ ಯಾರ ತಲೆಯ ಮೇಲೆ ಬೀಳಬಹುದೆಂಬುದನ್ನು ನೋಡಲು ಗೊಬ್ಬರದ್ದೇ ಒಂದು ಮೊಕದ್ದಮೆ ಇದೆ. ಇಂದೂರಿನಿಂದ ಮಹಾರಾಷ್ಟ್ರದ ಕಡೆಗೆ ಗೊಬ್ಬರದ ಚೀಲ ಹೇರಿಕೊಂಡು ಬರುತ್ತಿದ್ದ ಲಾರಿಗಳನ್ನು ಆಗ್ರಾ-ಮುಂಬಯಿ ರಸ್ತೆಯ ಸೆಂಧ್ವಾ ನಾಕೆಯಲ್ಲಿ ತಡೆದರು. ಬಿಲ್ಲುಗಳಿದ್ದವು, 1973ರ ಸಾಗಾಣಿಕೆ ಆದೇಶದಂತೆ ಬೇಕಾದ ಪರವಾನಗಿ ಇರಲಿಲ್ಲ. ಕಟಕಟೆಗೆ ಬಂದವರು ಲಾರಿಯ ಡ್ರೈವರುಗಳು, ಕ್ಲೀನರು ಮತ್ತು ಕೂಲಿಯಾಳು. ದುರುದ್ದೇಶ ಸಿದ್ಧವಾಗಿಲ್ಲವೆಂದು ಕೆಳಗಿನ ನ್ಯಾಯಾಲಯ ಬಿಟ್ಟಿತು. ಉದ್ದೇಶದ ಮಾತು ಇಲ್ಲಿ ಬೇಕಾಗಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 1989ರಲ್ಲಿ ಹೇಳಿತು. ಆದರೆ ಬಹಳ ವರ್ಷ ಕಳೆದಿದ್ದುದರಿಂದ ಅವರನ್ನು ಮತ್ತೆ ವಿಚಾರಣೆಗೆ ಎಳೆಯಲಿಲ್ಲ. ಕಾಯಿದೆಯ ಅರ್ಥ ಸ್ಪಷ್ಟವಾಯಿತು, ಸರಿ. ಆದರೆ ಆ ಚೀಲಗಳಿಂದ ಲಾಭ ಪಡೆಯಬೇಕಾಗಿದ್ದವರು ಕ್ಲೀನರೂ ಕೂಲಿಯೂ ಅಲ್ಲವೆಂಬುದು ಯಾರಿಗಾದರೂ ಹೊಳೆಯುವ ಮಾತು. ಕೋತಿ ತಾನು ಮೊಸರು ತಿಂದು ಮೇಕೆಯ ಬಾಯಿಗೆ ಒರೆಸಿತೆಂಬ ಗಾದೆ ನಮಗೆ ಇಲ್ಲಿ ನೆನಪಾಗುತ್ತದೆ.

ಹಾಗೆಂದು ಕಠಿಣ ಕಾಯಿದೆಯೇ ಬೇಡವೆಂದು ನಾವು ಹೇಳುವುದಿಲ್ಲ. ತಿಳಿದೇ ಮಾರಿದನೆಂದು ಪ್ರತಿ ಸಲವೂ ಪೋಲೀಸರೇ ಸಿದ್ಧಪಡಿಸಬೇಕೆಂದರೆ ಒಬ್ಬ ಕಳ್ಳನೂ ಸಿಕ್ಕಿಬೀಳಲಾರ. ಮನಸ್ಸಿನೊಳಗಿನದಕ್ಕೆ ರಸೀದಿ ಇರುವುದಿಲ್ಲ. ಮೇಲಾಗಿ, ತಿಳಿಯದಿರುವುದೇ ಲಾಭವೆಂದಾದರೆ ವ್ಯಾಪಾರಿಗಳು ತಿಳಿದುಕೊಳ್ಳುವ ಗೋಜಿಗೇ ಹೋಗುವುದಿಲ್ಲ. ಪೇಟೆಯ ಬೆಲೆಗಿಂತ ಚೀಲಕ್ಕೆ ಇನ್ನೂರು ರೂಪಾಯಿ ಕಡಿಮೆಗೆ, ಬಿಲ್ಲಿಲ್ಲದೆ, ರಾತ್ರಿ ಲಾರಿಯಲ್ಲಿ ಬಂದ ಮಾಲನ್ನು ಇಳಿಸಿಕೊಂಡು, ಒಳಗೇನಿದೆಯೋ ನನಗೇನು ಗೊತ್ತು ಎನ್ನುವವನ ಅಜ್ಞಾನ ಅಜ್ಞಾನವಲ್ಲ. ಕಣ್ಣು ಮುಚ್ಚಿ ಹಾಲು ಕುಡಿಯುವ ಬೆಕ್ಕಿನ ಜಾಣತನ ಅದು. ಮಾರುವವನು ಲಾಭ ತೆಗೆದುಕೊಳ್ಳುವಾಗ, ತಾನು ಕೊಡುವುದು ಏನೆಂದು ವಿಚಾರಿಸುವ ಹೊಣೆಯನ್ನೂ ಜೊತೆಗೇ ತೆಗೆದುಕೊಂಡಿರುತ್ತಾನೆ. ಆದ್ದರಿಂದ ನಾವು ಕೇಳಬೇಕಾದುದು ಅವನಿಗೆ ತಿಳಿದಿತ್ತೇ ಎಂದಲ್ಲ. ತಿಳಿದುಕೊಳ್ಳುವ ದಾರಿ ಅವನಿಗಿತ್ತೇ, ಇದ್ದರೆ ಆ ದಾರಿಯಲ್ಲಿ ಅವನು ನಡೆದನೇ ಎಂದು.

ಈ ಅಳತೆಗೋಲು ಹಿಡಿದರೆ ಗೊಬ್ಬರದ ದಾರಿಯಲ್ಲಿ ನಿಂತವರೆಲ್ಲ ಒಂದೇ ಸಾಲಿನಲ್ಲಿ ನಿಲ್ಲುವುದಿಲ್ಲ. ತಯಾರಕನಿಗೆ ಪ್ರಯೋಗಶಾಲೆಯಿದೆ. ಚೆಂಬೂರಿನಲ್ಲಿ ಮನೆ ಮಾಡಿರುವ ನಮ್ಮವರು ಟ್ರಾಂಬೆಯ ಗೊಬ್ಬರದ ಕಾರ್ಖಾನೆಯನ್ನು 1965ರಿಂದ ನೋಡುತ್ತಿದ್ದಾರೆ. ಮಂಗಳೂರಿನ ಕಡೆಯವರು ಪಣಂಬೂರಿನದನ್ನು 1976ರಿಂದ ಬಲ್ಲರು. ಅಂಥಲ್ಲಿ ಪ್ರತಿ ತಂಡದ ಮಾಲನ್ನೂ ಪರೀಕ್ಷಿಸುವ ರಸಾಯನಶಾಸ್ತ್ರಜ್ಞರಿರುತ್ತಾರೆ. ಕಾರ್ಖಾನೆ ದೊಡ್ಡದಿರಲಿ ಸಣ್ಣದಿರಲಿ, ಚೀಲದ ಮೇಲೆ ಅಂಕಿ ಅಚ್ಚು ಮಾಡಿಸಿದವನಿಗೆ ನನಗೆ ತಿಳಿಯದು ಎನ್ನುವ ಹಕ್ಕಿಲ್ಲ. ಹಳ್ಳಿಯ ಅಂಗಡಿಯವನಿಗೆ ಇರುವುದು ತಕ್ಕಡಿ ಮತ್ತು ಬಿಲ್ಲು ಪುಸ್ತಕ ಮಾತ್ರ. ಇಬ್ಬರಿಗೂ ಒಂದೇ ಕಲಮು, ಒಂದೇ ಸೆರೆಮನೆ ಎಂದರೆ ಅದು ಸಮಾನತೆಯಾಗಬಹುದು, ನ್ಯಾಯವಾಗಲಾರದು.

ಇದೇನು ನಮ್ಮ ಹೊಸ ಶೋಧನೆಯಲ್ಲ. 1968ರ ಕೀಟನಾಶಕಗಳ ಕಾಯಿದೆಯ 30ನೆಯ ಕಲಮು ತಯಾರಕನಲ್ಲದ ಮಾರಾಟಗಾರನಿಗೆ ಮೂರು ಪ್ರಶ್ನೆ ಹಾಕುತ್ತದೆ. ಪರವಾನಗಿ ಇದ್ದವರಿಂದಲೇ ಕೊಂಡೆಯಾ? ತಕ್ಕ ಎಚ್ಚರ ವಹಿಸಿದರೂ ದೋಷ ತಿಳಿಯುವಂತಿರಲಿಲ್ಲವೇ? ನಿನ್ನಲ್ಲಿದ್ದಷ್ಟು ಕಾಲ ಸರಿಯಾಗಿ ಇಟ್ಟು, ಬಂದಂತೆಯೇ ಕೊಟ್ಟೆಯಾ? ಮೂರಕ್ಕೂ ಹೌದೆಂದು ತೋರಿಸಿದವನು ಹೊಣೆಯಿಂದ ಪಾರಾಗುತ್ತಾನೆ. ಬಿಲ್ಲು, ಬ್ಯಾಚಿನ ಸಂಖ್ಯೆ, ಒಣ ಗೋದಾಮು, ಬಿಚ್ಚದ ಹೊಲಿಗೆ ಇವೆಲ್ಲ ಅಂಗಡಿಯವನ ಕೈಯಳತೆಯಲ್ಲಿ ಇರುವಂಥವು. ಗೊಬ್ಬರದಂಗಡಿಯವನಿಗೂ ಇದೇ ಮೂರು ಪ್ರಶ್ನೆ ಸಾಕು, ಹೆಚ್ಚೂ ಬೇಡ, ಕಡಿಮೆಯೂ ಬೇಡ. ಆದರೆ ಅವನನ್ನು ಮರಳುಗಳ್ಳರ ಪಟ್ಟಿಗೆ ಸೇರಿಸಿ ವಿಚಾರಣೆಗೆ ಮೊದಲೇ ಒಳಗಿಟ್ಟರೆ ಈ ಮೂರು ಪ್ರಶ್ನೆಗಳನ್ನು ಕೇಳುವ ಸಂದರ್ಭವೇ ಬರುವುದಿಲ್ಲ. 2023ರ ಆ ಮಸೂದೆಯ ಬಗ್ಗೆ ನಮ್ಮ ಆಕ್ಷೇಪಣೆ ಇದೊಂದೇ.

ದೋಷದಲ್ಲಿಯೂ ತರತಮವುಂಟು. ಮಳೆಗಾಲದ ತೇವಕ್ಕೆ ಗಟ್ಟಿಕಟ್ಟಿ, ಸತ್ವದಲ್ಲಿ ಒಂದು ಅಂಶ ಇಳಿದ ಚೀಲ ಬೇರೆ. ಇಟ್ಟಿಗೆ ಪುಡಿ ತುಂಬಿದ ಚೀಲ ಬೇರೆ. ಮೊದಲನೆಯದು ಅಜಾಗ್ರತೆ, ಎರಡನೆಯದು ಕಳ್ಳತನ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಧಾನ್ಯ, ಎಣ್ಣೆ, ಉಪ್ಪು, ಔಷಧಗಳಿಗೆ ಅದೇ ಬಣ್ಣದ ಬೇರೆ ವಸ್ತುವನ್ನು ಬೆರೆಸಿದವನಿಗೆ 12 ಪಣ ದಂಡವೆಂದಿದೆ. ಅಲ್ಲಿ ಶಿಕ್ಷೆ ಬೆರೆಸಿದ ಕೈಗೆ. ಬಣ್ಣ ಹಾಕಿದ ಉಪ್ಪನ್ನು ಪೊಟಾಷ್ ಎಂದು ಮಾರುವ ಇಂದಿನ ಚತುರರಿಗೆ ಅದು ತಕ್ಕ ಮಾತೇ ಸರಿ.

ಹೊಣೆಯ ಲೆಕ್ಕ ಹಾಕುವಾಗ ಸರಕಾರಿ ಕಚೇರಿಯನ್ನು ಬಿಡುವುದು ನಮ್ಮಂಥ ಸರಕಾರಿ ಗುಮಾಸ್ತರಿಗೆ ಒಪ್ಪುವುದಿಲ್ಲ. ಇನ್‌ಸ್ಪೆಕ್ಟರರು ಮಾದರಿ ತೆಗೆದು ಮೂರು ಭಾಗ ಮಾಡಿ ಮೊಹರು ಹಾಕುತ್ತಾರೆ. ಫರೀದಾಬಾದಿನ ಕೇಂದ್ರ ಸಂಸ್ಥೆಯಲ್ಲದೆ ಚೆನ್ನೈ, ಕಲ್ಯಾಣಿ ಮತ್ತು ನಮ್ಮ ನವಿ ಮುಂಬಯಿಯಲ್ಲಿ ಕೇಂದ್ರ ಸರಕಾರದ ಪ್ರಾದೇಶಿಕ ಪ್ರಯೋಗಶಾಲೆಗಳಿವೆ. ರಾಜ್ಯಗಳ ಪ್ರಯೋಗಶಾಲೆಗಳು ಬೇರೆ. ಕಳಿಸಲು, ಪರೀಕ್ಷಿಸಲು, ಫಲಿತಾಂಶ ತಿಳಿಸಲು ಆದೇಶದಲ್ಲೇ ಗಡುವುಗಳಿವೆ. ಎಲ್ಲ ಗಡುವನ್ನು ಪಾಲಿಸಿದರೂ ವಾರಗಳು ಹಿಡಿಯುತ್ತವೆ. ಬಿತ್ತನೆಯ ಹದವೋ ಕೆಲವೇ ದಿನದ್ದು. ವರದಿ ಬರುವ ಹೊತ್ತಿಗೆ ಗೊಬ್ಬರ ಮಾರಾಟವಾಗಿ, ಎರಚಿ, ಪೈರು ಮೇಲೆದ್ದಿರುತ್ತದೆ. ಮಳೆ ಬೀಳುವ ಮೊದಲು ಗೋದಾಮಿನಲ್ಲಿ ತೆಗೆಯಬೇಕಾದ ಮಾದರಿಯನ್ನು ಮಳೆ ಬಿದ್ದ ಮೇಲೆ ಅಂಗಡಿಯಲ್ಲಿ ತೆಗೆದರೆ ಅದು ಬರಿಯ ಫೈಲಿನ ಕೆಲಸ. ತಡಮಾಡಿದ ಕಚೇರಿಯ ಮೇಲೆ ಯಾವ ಕಲಮೂ ಬೀಳುವುದಿಲ್ಲ. ನೈತಿಕವಾಗಿ ಅದೂ ಪಾಲುದಾರನೇ.

ಅಭಾವವೂ ಕಳಪೆಯ ತಾಯಿ. ಹಾವೇರಿಯಲ್ಲಿ 2008ರ ಜೂನ್ 10ರಂದು ಗೊಬ್ಬರ ಸಿಗಲಿಲ್ಲವೆಂದು ಬೀದಿಗಿಳಿದ ರೈತರ ಮೇಲೆ ಪೋಲೀಸರು ಗುಂಡು ಹಾರಿಸಿ ಇಬ್ಬರು ಪ್ರಾಣ ಕಳೆದುಕೊಂಡುದನ್ನು ಕನ್ನಡಿಗರು ಮರೆಯಲಾರರು. ಗೊಬ್ಬರಕ್ಕಾಗಿ ಸರದಿಯಲ್ಲಿ ನಿಂತು ಬರಿಗೈಯಲ್ಲಿ ಮರಳುವ ರೈತನು ಬಿಲ್ಲು ಕೇಳುವುದಿಲ್ಲ, ಹೊಲಿಗೆ ನೋಡುವುದಿಲ್ಲ, ಸಿಕ್ಕಿದ್ದೇ ಸೀರುಂಡೆ. ಸಕಾಲಕ್ಕೆ ಒಳ್ಳೆಯ ಮಾಲನ್ನು ತಲಪಿಸಲಾರದ ಆಡಳಿತವು ಕಳಪೆ ಮಾಲಿನ ವ್ಯಾಪಾರಿಗೆ ತಾನೇ ಗಿರಾಕಿಗಳನ್ನು ಕಳಿಸಿದಂತಾಗುತ್ತದೆ.

ಕೊನೆಯದಾಗಿ, ಈ ಗದ್ದಲದಲ್ಲೆಲ್ಲ ಮರೆತುಹೋಗುವ ಒಬ್ಬನಿದ್ದಾನೆ. ವ್ಯಾಪಾರಿ ಸೆರೆಮನೆಗೆ ಹೋದರೂ ಬಿಡುಗಡೆಯಾದರೂ ರೈತನ ಕಣಜಕ್ಕೆ ಒಂದು ಸೇರು ಬತ್ತವೂ ಬರುವುದಿಲ್ಲ. ದಂಡದ ಹಣ ಖಜಾನೆಗೆ ಹೋಗುತ್ತದೆ. 2012ರಲ್ಲಿ ರಾಷ್ಟ್ರೀಯ ಬೀಜ ನಿಗಮದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ರೈತನೂ ಗ್ರಾಹಕನೇ, ಕಳಪೆ ಬೀಜಕ್ಕೆ ಅವನು ಗ್ರಾಹಕರ ವೇದಿಕೆಯಲ್ಲಿ ಪರಿಹಾರ ಕೇಳಬಹುದು ಎಂದು ಹೇಳಿತು. ಬಿತ್ತಿದ ಮೇಲೆ ಬೀಜದ ಮಾದರಿ ತಾ ಎಂದು ಅವನನ್ನು ಪೀಡಿಸಲಾಗದೆಂದೂ ಹೇಳಿತು. ಗೊಬ್ಬರಕ್ಕೂ ಒಪ್ಪುವ ವಿವೇಕವಿದು. 2023ರ ಐದು ಮಸೂದೆಗಳಲ್ಲಿ ರೈತನಿಗೆ ನಷ್ಟ ಪರಿಹಾರ ಕೊಡಿಸುವ ಒಂದೂ ಇತ್ತು. ಸೆರೆಮನೆಯ ಮಾತಿನ ಅಬ್ಬರದಲ್ಲಿ ಅದರ ಚರ್ಚೆ ಸಾಲದಾಯಿತೆಂಬುದು ನಮ್ಮ ಅನಿಸಿಕೆ.

ಅಂತೂ, ತಿಳಿಯದೆ ಮಾರಿದವನು ತಪ್ಪಿತಸ್ಥನೇ ಎಂಬ ಪ್ರಶ್ನೆಗೆ ನಾವು ಕೊಡುವ ಉತ್ತರ ಹೀಗೆ. ಬೆರೆಸಿದವನಿಗೂ ಕಣ್ಣು ಮುಚ್ಚಿ ಮಾರಿದವನಿಗೂ ಸೆರೆಮನೆಯೇ ಸರಿ. ಎಚ್ಚರದಿಂದ ನಡೆದೂ ಮೋಸಹೋದ ಅಂಗಡಿಯವನಿಗೆ ಸೆರೆಮನೆ ಸಲ್ಲದು. ಆದರೆ ಅವನಿಗೂ ಪೂರ್ತಿ ಬಿಡುಗಡೆಯಿಲ್ಲ. ತನ್ನ ಕೈಯಿಂದ ಹೋದ ಕೇಡಿಗೆ ಅವನು ರೈತನ ಹಣ ಮರಳಿಸಲಿ, ತಾನು ಕೊಂಡ ಕಂಪನಿಯಿಂದ ವಸೂಲು ಮಾಡಿಕೊಳ್ಳಲಿ. ಶಿಕ್ಷೆಗೆ ಮನಸ್ಸಿನ ದೋಷ ಬೇಕು, ತೀರಿಸುವುದಕ್ಕೆ ಬೇಕಾಗಿಲ್ಲ. ನೆರೆಮನೆಯ ಕೊಡ ಕೈಜಾರಿ ಒಡೆದರೆ ನಾವು ಕಳ್ಳರಾಗುವುದಿಲ್ಲ, ಆದರೂ ಹೊಸ ಕೊಡ ತಂದುಕೊಡುತ್ತೇವಷ್ಟೆ.

ನಮ್ಮ ಕೈಲಾಗುವ ಕೆಲಸವೂ ಒಂದಿದೆ. ಮುಂದಿನ ಸಲ ಊರಿಗೆ ಗೊಬ್ಬರದ ಹಣ ಕಳಿಸುವಾಗ ಜೊತೆಗೆ ನಾಲ್ಕು ಮಾತು ಹೇಳೋಣ: ಬಿಲ್ಲು ಕೇಳಿ ತೆಗೆದುಕೊಳ್ಳಿ, ಚೀಲದ ಹೊಲಿಗೆ ನೋಡಿ, ಬ್ಯಾಚಿನ ಸಂಖ್ಯೆಯಿರುವ ಖಾಲಿ ಚೀಲವನ್ನು ಕೊಯ್ಲಿನ ತನಕ ಎಸೆಯಬೇಡಿ, ಅನುಮಾನ ಬಂದರೆ ಎರಚುವ ಮೊದಲೇ ಕೃಷಿ ಇಲಾಖೆಗೆ ತಿಳಿಸಿ. ಹೋಟೇಲು, ಅಂಗಡಿ ನಡೆಸುವ ನಮ್ಮ ಬಾಂಧವರು ತಾವು ಕೊಳ್ಳುವ ಡಬ್ಬಿಯ ವಿಷಯದಲ್ಲಿಯೂ ಇದನ್ನೇ ಪಾಲಿಸಲಿ. ತಿಳಿಯದು ಎಂದು ನಾಳೆ ನ್ಯಾಯಾಲಯದಲ್ಲಿ ಹೇಳುವುದಕ್ಕಿಂತ ಇಂದೇ ವಿಚಾರಿಸಿ ತಿಳಿದುಕೊಳ್ಳುವುದು ಸುಲಭ.